ಹಳೇ ಎಸ್‌ಎಂಪಿಎಸ್ಸು, ಅಪ್ಪನ ನೋಟ್‌ಬುಕ್ಕು

ಬಹಳ ದಿನ ಆಯ್ತು ಇಲ್ಲಿ ಏನಾದರೂ ಬರೆದು. ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ. ಆದರೆ ಎಳ್ಳಮಾವಾಸಿಗೆ ಕಮಲಾಪುರಕ್ಕೆ ಹೋಗಿ ಬಂದಾಗಿನಿಂದ ಒಂದು ವಿಷಯ ತಲೆಯಲ್ಲಿ ಕೂತುಬಿಟ್ಟಿದೆ. ಬರೆದರೆ ಹೋಗಬಹುದು ಅಂತ ಕೂತಿದ್ದೇನೆ. ಕಂಪ್ಯೂಟರ್ ವಿಷಯ, ಹಾಗಾಗಿ ನಡುವೆ ಸ್ವಲ್ಪ ವೋಲ್ಟು, ಆಂಪಿಯರ್ ಎಲ್ಲ ಬರುತ್ತದೆ. ಬೇಜಾರಾದವರು ಹಾರಿಸಿಕೊಂಡು ಓದಿ, ನನಗೇನೂ ಬೇಸರವಿಲ್ಲ :)

ಅಪ್ಪ ನಿವೃತ್ತ ಪ್ರಾಥಮಿಕ ಶಾಲೆ ಹೆಡ್ ಮಾಸ್ತರರು. ಇರೋದು ಕಮಲಾಪುರದಲ್ಲಿ. ಕಲಬುರಗಿಯಿಂದ ಹುಮನಾಬಾದ್ ರೋಡಿನಲ್ಲಿ ಮಹಾಗಾಂವ್ ಕ್ರಾಸ್ ದಾಟಿದ ಮೇಲೆ ಬರುತ್ತದಲ್ಲ, ಅದೇ ಊರು. ಕೆಂಪು ಬಾಳೆಹಣ್ಣಿನ ಕಮಲಾಪುರ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. (ಹಂಪಿ ಹತ್ತಿರದ ಕಮಲಾಪುರ ಅಲ್ಲ. ಪ್ರತಿ ಸಲ ಹೇಳಬೇಕು ಇದನ್ನ.) ನಾನು ಹೊಟ್ಟೆಪಾಡಿಗೆ ಕಲಬುರಗಿಯಲ್ಲಿ. ಬಸ್ಸಿನಲ್ಲಿ ಒಂದು ತಾಸಿನ ದಾರಿ, ಆದರೂ ತಿಂಗಳಿಗೊಮ್ಮೆ ಹೋದರೆ ಹೆಚ್ಚು. ಇದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಅಪ್ಪನಿಗೆ 2010ರಲ್ಲಿ ಒಂದು ಅಸೆಂಬಲ್ಡ್ ಕಂಪ್ಯೂಟರ್ ಮಾಡಿಸಿಕೊಟ್ಟಿದ್ದೆ. ಪೆಂಟಿಯಂ ಡ್ಯುಯಲ್ ಕೋರ್, 2 ಜಿಬಿ ರ‍್ಯಾಮು. ಆಗ ಕ್ಯಾಬಿನೆಟ್ ತಗೊಂಡರೆ ಎಸ್‌ಎಂಪಿಎಸ್ ಅದರ ಜೊತೆಗೇ ಬರುತ್ತಿತ್ತು. ಸೀರೆ ತಗೊಂಡರೆ ಬ್ಲೌಸ್ ಪೀಸು ಬಂದ ಹಾಗೆ. ಅದು ಯಾವ ಕಂಪನಿ, ಎಷ್ಟು ಕೆಪ್ಯಾಸಿಟಿ ಅಂತ ಯಾರೂ ಕೇಳುತ್ತಿರಲಿಲ್ಲ, ನಾನೂ ಕೇಳಿರಲಿಲ್ಲ. ಮೇಲೆ ದೊಡ್ಡದಾಗಿ 450 ವಾಟ್ ಅಂತ ಸ್ಟಿಕ್ಕರ್ ಇತ್ತು, ಸಾಕಲ್ಲ.

ಅಪ್ಪ ನುಡಿ ಕಲಿತರು. ಮೊದಲು ಸಂಘದ ಪತ್ರಗಳು, ನಂತರ ಮದುವೆ ಆಮಂತ್ರಣ, ಆಮೇಲೆ ತಮ್ಮ ನಿಜವಾದ ಕೆಲಸ. ಏನಂದರೆ ನಮ್ಮ ಅಜ್ಜಿ ಹಾಡುತ್ತಿದ್ದ ಬೀಸುಕಲ್ಲಿನ ಪದಗಳು. ಅಜ್ಜಿ ಇದ್ದಾಗಲೇ ಅಪ್ಪ ಎರಡು ನೂರು ಪುಟದ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡಿದ್ದರು. ಪೆನ್ಸಿಲ್ ಅಳಿಸಿಹೋಗುತ್ತಿದೆ, ಕಾಗದ ಮುಟ್ಟಿದರೆ ಉದುರುತ್ತಿದೆ. ಅದಕ್ಕೆ ಎಲ್ಲವನ್ನೂ ಟೈಪ್ ಮಾಡಿ ಇಡಬೇಕು ಅಂತ ಹಟ. ಟೈಪ್ ಮಾಡುತ್ತಾ ಕೂತರೆ ಎಷ್ಟೋ ಸಲ ನೋಟ್‌ಬುಕ್ಕಿನಲ್ಲಿ ಇಲ್ಲದ ಪದವೂ ನೆನಪಾಗುತ್ತದಂತೆ. ಅದನ್ನು ಮತ್ತೆ ಕಾಗದಕ್ಕೆ ಇಳಿಸೋದು ಯಾಕೆ ಅಂತ ನೇರ ಕಂಪ್ಯೂಟರಿಗೇ ಹೊಡೆಯುತ್ತಿದ್ದರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೀಗಿರುವಾಗ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಪೋರ್ಟ್ ಮುಗಿಯಿತು. ಸ್ಕ್ರೀನಿನಲ್ಲಿ ಮೇಲಿಂದ ಮೇಲೆ ಅದರ ನೋಟೀಸು ಬಂದು ಅಪ್ಪನಿಗೆ ಗಾಬರಿ. "ತಮ್ಮಾ, ಇದು ಬಂದ್ ಆಗ್ತದಂತಲ್ಲೋ, ನನ್ನ ಪದಾ ಎಲ್ಲಾ ಹೋಗ್ತಾವೇನು?" ಹಾಗೇನೂ ಹೋಗೋದಿಲ್ಲ, ಮಶೀನ್ ನಡೆಯುತ್ತದೆ, ಭದ್ರತೆಯ ಅಪ್‌ಡೇಟ್ ಬರೋದಿಲ್ಲ ಅಷ್ಟೇ ಅಂತ ಎಷ್ಟು ಹೇಳಿದರೂ ಸಮಾಧಾನವಿಲ್ಲ. ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಎಂಟನೇ ಜನರೇಶನ್ ಮೇಲಿನದೇ ಬೇಕು. ಅಪ್ಪನ ಪೆಂಟಿಯಂ ಅದರ ಮುತ್ತಜ್ಜ. ಸರಿ, ಬೋರ್ಡು, ಪ್ರಾಸೆಸರು, ರ‍್ಯಾಮು, ಒಂದು ಎಸ್‌ಎಸ್‌ಡಿ... ಇಷ್ಟು ಬದಲಾಯಿಸಿಬಿಡೋಣ ಅಂತ ನವೆಂಬರ್ ಮೊದಲ ವಾರ ಕ್ಯಾಬಿನೆಟ್ಟನ್ನು ಕಮಲಾಪುರದಿಂದ ಹೊತ್ತು ತಂದೆ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು, ಕಂಡಕ್ಟರ್ ಹತ್ತಿರ ಲಗೇಜ್ ಟಿಕೆಟ್ಟಿನ ಬಗ್ಗೆ ಸಣ್ಣ ಜಗಳವನ್ನೂ ಆಡಿಕೊಂಡು.

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡಿ. ಹೆಸರು ಬೇಡ, ಅವರದೇನೂ ತಪ್ಪಿಲ್ಲ. ತಪ್ಪಿಲ್ಲ ಅಂತ ಹೇಳೋದಕ್ಕೇ ಬರೆಯುತ್ತಿರೋದು ಅಂದುಕೊಳ್ಳಿ. ಆ ಹೊತ್ತಿಗೆ ರ‍್ಯಾಮಿನ ಬೆಲೆ ಎಲ್ಲ ಕಡೆ ಏರುತ್ತಿತ್ತು, ಎಐ ಡೇಟಾ ಸೆಂಟರುಗಳಿಗೆ ಮೆಮೊರಿ ಚಿಪ್ಪು ಹೋಗುತ್ತಿವೆ, ನಮ್ಮಂಥವರಿಗೆ ಸಿಗುತ್ತಿಲ್ಲ ಅಂತ. ಎಲ್ಲೋ ದೂರದ ದೇಶದವನ ಕೃತಕ ಬುದ್ಧಿಗೆ ಕಮಲಾಪುರದ ಮಾಸ್ತರು ದುಡ್ಡು ತೆರಬೇಕು! ನಾನು ಲೆಕ್ಕ ಹಾಕಿಕೊಂಡು ಹೋಗಿದ್ದ ಬಜೆಟ್ಟು ರ‍್ಯಾಮಿಗೇ ಅರ್ಧ ಹರಿಯಿತು. ಅಂಗಡಿಯ ಹುಡುಗ ಕ್ಯಾಬಿನೆಟ್ ಬಿಚ್ಚಿದವನೇ ಮೂಗು ಮುರಿದ.

"ಸರ್, ಈ ಎಸ್‌ಎಂಪಿಎಸ್ ಎಷ್ಟು ವರ್ಷದ್ದದ್ರೀ?"

"ಹದಿನೈದು."

"ತೆಗೀರಿ ಸರ್ ಇದನ್ನ. ಹೊಸಾದೊಂದು ಹಾಕ್ಸಿಬಿಡ್ರಿ. ಎರಡೂವರಿ ಸಾವಿರದಾಗ ಚಲೋದು ಬರ್ತದ."

"ನಡೀಲಾಕತ್ತದಲ್ಲ?"

"ನಡೀಲಾಕತ್ತದ ಖರೆ. ಹೊಸಾ ಎತ್ತು ತಂದು ಹಳೇ ಹಗ್ಗ ಕಟ್ಟಿದಂಗ ಆಗ್ತದ ನೋಡ್ರಿ."

ಚೆನ್ನಾಗಿ ಮಾತಾಡ್ತಾನೆ, ಮಾರೋದಕ್ಕೆ ಹೇಳ್ತಾನೆ ಅಂದುಕೊಂಡೆ. ಎರಡೂವರೆ ಸಾವಿರ ಉಳಿಸಿದೆ. ಬೋರ್ಡಿನಲ್ಲಿ ಪ್ರಾಸೆಸರಿಗೆ ಎಂಟು ಪಿನ್ನಿನ ಸಾಕೆಟ್, ಹಳೆಯದರಲ್ಲಿ ಇದ್ದದ್ದು ನಾಲ್ಕು ಪಿನ್ನಿನ ಪ್ಲಗ್. ಅರ್ಧಕ್ಕೆ ಚುಚ್ಚಿದರೂ ಚಾಲೂ ಆಗುತ್ತದೆ, ಆಯಿತು ಕೂಡ. ಹುಡುಗ ಮತ್ತೇನೂ ಹೇಳಲಿಲ್ಲ. ವಿಂಡೋಸ್ 11 ಹಾಕಿ, ಅಪ್ಪನ ಹಳೇ ಹಾರ್ಡ್ ಡಿಸ್ಕಿನ ಫೈಲುಗಳನ್ನೆಲ್ಲ ನಕಲು ಮಾಡಿ, ಮುಂದಿನ ಭಾನುವಾರ ಕಮಲಾಪುರದಲ್ಲಿ ಇಟ್ಟು ಬಂದೆ. ರೊಟ್ಟಿ ಪಲ್ಯ ಉಂಡು, ಕೆಂಪು ಬಾಳೆಹಣ್ಣಿನ ಚೀಲ ಹಿಡಿದು ವಾಪಸ್. ಮಗನಾಗಿ ದೊಡ್ಡ ಕೆಲಸ ಮಾಡಿದೆ ಅನ್ನೋ ಹೆಮ್ಮೆ ಬೇರೆ.

ಮೂರೇ ದಿನಕ್ಕೆ ಫೋನು. "ತಮ್ಮಾ, ಒಮ್ಮಿಂದೊಮ್ಮೆಗೆ ಬಂದ್ ಆಗಿ ಮತ್ತ ಚಾಲೂ ಆಗ್ತದಲ್ಲೋ."

"ಅಪ್‌ಡೇಟ್ ಆಗ್ತಿರ್ತದ ಅಪ್ಪಾ, ಹೊಸಾದದಲ್ಲ."

ಎರಡು ದಿನ ಬಿಟ್ಟು ಮತ್ತೆ ಫೋನು. ಆಗ ನಾನು ಹೇಳಿದ್ದು ನನಗೆ ಸರಿಯಾಗಿ ನೆನಪಿದೆ. "ನೀವ ಏನೋ ಒತ್ತಿರ್ತೀರಿ ನೋಡ್ರಿ ಅಪ್ಪಾ. ನಿಮ್ಮ ಕೀಬೋರ್ಡಿನಾಗ ಮ್ಯಾಲ ಪವರ್ ಅಂತ ಒಂದು ಬಟನ್ ಅದ, ಅದಕ್ಕ ಕೈ ತಾಕಿರ್ತದ."

ಹಳೇ ಕೀಬೋರ್ಡುಗಳಲ್ಲಿ ಪವರ್, ಸ್ಲೀಪ್, ವೇಕ್ ಅಂತ ಮೂರು ಕೀಲಿ ಇರುತ್ತಿದ್ದವಲ್ಲ, ಅದು. ಆಮೇಲೆ ಅಪ್ಪನಿಂದ ಫೋನ್ ಬರೋದು ಕಮ್ಮಿಯಾಯಿತು. ನಾನು, ಸರಿ ಹೋಯಿತು ಅಂದುಕೊಂಡೆ.

* * *

2025ರ ಎಳ್ಳಮಾವಾಸಿ ಡಿಸೆಂಬರ್ 19ಕ್ಕೆ ಬಂದಿತ್ತು. ನಮ್ಮ ಕಡೆಯವರಿಗೆ ಇದರ ಬಗ್ಗೆ ಹೇಳಬೇಕಿಲ್ಲ. ಬೇರೆ ಕಡೆಯವರಿಗೆ ಒಂದೇ ಮಾತು: ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾದ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಬಂದವರಿಗೆಲ್ಲ ಉಣ್ಣಿಸೋ ಹಬ್ಬ. ನಾನು ಎರಡು ದಿನ ಮೊದಲೇ ಹೋದೆ. ನೋಡಿದರೆ ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸಿಟ್ಟಿದೆ. ಟವೆಲ್ ಮೇಲೆ ಧೂಳು.

"ಯಾಕ ಅಪ್ಪಾ, ಟೈಪ್ ಮಾಡೋದು ಬಿಟ್ಟೀರೇನು?"

"ಆಗವಲ್ದು ತಮ್ಮಾ. ಕೈ ನಡಗ್ತಾವ. ಏನೇನೋ ಒತ್ತಿಬಿಡ್ತೀನಿ. ವಯಸ್ಸಾಯ್ತಲ್ಲ."

ಟವೆಲ್ ತೆಗೆದೆ. ಕೀಬೋರ್ಡಿನಲ್ಲಿ ಪವರ್ ಕೀಲಿ ಇದ್ದ ಜಾಗ ಖಾಲಿ. ಅಪ್ಪ ಅದನ್ನು ಕಿತ್ತು, ತೂತಿನ ಮೇಲೆ ಗಾಯಕ್ಕೆ ಹಚ್ಚೋ ಪಟ್ಟಿ ಅಂಟಿಸಿದ್ದಾರೆ. ಕಿತ್ತ ಕೀಲಿ ಬೆಂಕಿಪೊಟ್ಟಣದಲ್ಲಿ ಜೋಪಾನವಾಗಿ ಇದೆ. "ನಿನ್ನ ವಸ್ತು, ಕಳೀಬಾರ್ದಂತ ಇಟ್ಟೀನಿ" ಅಂದರು. ಅದರ ಪಕ್ಕದಲ್ಲೇ ಒಂದು ನೋಟ್‌ಬುಕ್ಕು. ತೆರೆದರೆ ಸ್ಕೇಲ್ ಇಟ್ಟು ಗೆರೆ ಹೊಡೆದ ನಾಲ್ಕು ಕಾಲಂ, ಶಾಲೆಯ ರಿಜಿಸ್ಟರಿನ ಹಾಗೇ. ತಾರೀಖು, ವೇಳೆ, ಮಾಡುತ್ತಿದ್ದ ಕೆಲಸ, ಷರಾ.

ನವೆಂಬರ್ 11ರಿಂದ ಡಿಸೆಂಬರ್ 5ರವರೆಗೆ ಇಪ್ಪತ್ಮೂರು ಸಲ ಮಶೀನ್ ಬಂದ್ ಆದದ್ದನ್ನು ಅಪ್ಪ ಒಂದೂ ಬಿಡದೆ ಬರೆದಿದ್ದರು. ಷರಾ ಕಾಲಂನಲ್ಲಿ "ಬಹುಶಃ ನನ್ನ ತಪ್ಪು". "ಎಡಗೈ ತಾಕಿರಬೇಕು". "ಏನೂ ಒತ್ತಿಲ್ಲ ಎನಿಸುತ್ತದೆ, ಖಾತ್ರಿ ಇಲ್ಲ". ಎರಡು ಕಡೆ "ಯುಪಿಎಸ್ ಟಕ್ ಅಂದಿತು". ಕೊನೆಯ ಸಾಲಿನಲ್ಲಿ "ಆರು ಪದ ಹೋದವು. ಸಾಕು."

ನಾನು ಏನೂ ಮಾತಾಡಲಿಲ್ಲ. ಕಂಪ್ಯೂಟರ್ ಚಾಲೂ ಮಾಡಿ ಈವೆಂಟ್ ವ್ಯೂವರ್ ತೆರೆದೆ. ವಿಂಡೋಸ್ ತಾನು ಸರಿಯಾಗಿ ಶಟ್‌ಡೌನ್ ಆಗದೆ ಎದ್ದಾಗೆಲ್ಲ ಅಲ್ಲಿ ಕರ್ನಲ್ ಪವರ್ 41 ಅಂತ ಒಂದು ದಾಖಲೆ ಬರೆದುಕೊಳ್ಳುತ್ತದೆ. ಎಣಿಸಿದೆ, ಇಪ್ಪತ್ನಾಲ್ಕು. ಅಪ್ಪನ ನೋಟ್‌ಬುಕ್ಕಿನ ಜೊತೆ ಒಂದೊಂದಾಗಿ ಹೊಂದಿಸಿದೆ, ವೇಳೆ ಎರಡು ಮೂರು ನಿಮಿಷ ಆಚೀಚೆ ಅಷ್ಟೇ, ಎಲ್ಲವೂ ತಾಳೆಯಾದವು. ಒಂದು ಮಾತ್ರ ಹೆಚ್ಚಿಗೆ ಇತ್ತು. ಅವ್ವನನ್ನು ಕೇಳಿದರೆ, ಅವತ್ತು ಅಪ್ಪ ಮದುವೆಗೆ ಹೋಗಿದ್ದರು, ಪಕ್ಕದ ಮನೆ ಹುಡುಗ ಅರ್ಜಿ ಪ್ರಿಂಟ್ ತೆಗೆಯೋಕೆ ಬಂದಿದ್ದ, ಆಗಲೂ ಬಂದ್ ಆಗಿತ್ತು ಅಂದಳು.

ಅಂದರೆ ಅಪ್ಪನ ಕೈ ಅಲ್ಲ. ಇದನ್ನು ತಿಳಿಯೋದಕ್ಕೆ ನಾನು ಕಲಬುರಗಿಯಿಂದಲೇ ಫೋನಿನಲ್ಲಿ ಹತ್ತು ನಿಮಿಷ ಕೇಳಿದ್ದರೆ ಸಾಕಿತ್ತು.

ನೋಟ್‌ಬುಕ್ಕಿನ ವೇಳೆ ಕಾಲಂ ಮೇಲೆ ಮತ್ತೆ ಕಣ್ಣಾಡಿಸಿದೆ. ಹೆಚ್ಚಿನವು ಬೆಳಗ್ಗೆ ಎಂಟರ ಆಜುಬಾಜು, ಇಲ್ಲಾಂದರೆ ಸಂಜೆ ಐದರ ಮೇಲೆ. ಇದೇನು, ಭೂತ ಕೂಡ ಡ್ಯೂಟಿ ಟೈಮ್ ನೋಡಿಕೊಂಡು ಬರುತ್ತದಾ ಅಂತ ಯೋಚಿಸುತ್ತಾ ಕೂತಿದ್ದೆ. ಸಂಜೆ ಐದೂಕಾಲು ಇರಬೇಕು. ಎರಡು ಮನೆ ಆಚೆ ಹಿಟ್ಟಿನ ಗಿರಣಿ. ಹಬ್ಬದ ಸಜ್ಜಿ, ಜೋಳ ಹಿಡಿದುಕೊಂಡು ಹೆಂಗಸರು ಪಾಳಿ ಹಚ್ಚಿದ್ದರು. ಗಿರಣಿಯ ಮೋಟರು ಗುಂಯ್ ಅಂತ ಎದ್ದಿತು. ನಮ್ಮ ಮನೆ ಟ್ಯೂಬ್‌ಲೈಟು ಒಮ್ಮೆ ಕಣ್ಣು ಮಿಟುಕಿಸಿತು. ಯುಪಿಎಸ್ ಟಕ್ ಅಂದಿತು. ಕಂಪ್ಯೂಟರ್ ಸ್ಕ್ರೀನು ಕಪ್ಪಾಗಿ, ಫ್ಯಾನು ನಿಂತು, ಮತ್ತೆ ಮೊದಲಿಂದ ಚಾಲೂ ಆಯಿತು.

ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನನ್ನ ಎರಡೂ ಕೈ ಆಗ ತೊಡೆಯ ಮೇಲಿದ್ದವು.

* * *

ಈಗ ಸ್ವಲ್ಪ ವಿಜ್ಞಾನ. ನಾವು ಎಸ್‌ಎಂಪಿಎಸ್ ಅನ್ನೋದು ಸ್ವಿಚ್ ಮೋಡ್ ಪವರ್ ಸಪ್ಲೈ. ಗೋಡೆಯಿಂದ ಬರೋ 230 ವೋಲ್ಟಿನ ಎಸಿ ಕರೆಂಟನ್ನು ಮೊದಲು ಡಿಸಿ ಮಾಡಿ (ಆಗ ಅದು 320 ವೋಲ್ಟಿನ ಮೇಲಿರುತ್ತದೆ), ಒಂದು ದೊಡ್ಡ ಕೆಪಾಸಿಟರಿನಲ್ಲಿ ತುಂಬಿಕೊಂಡು, ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಸಣ್ಣ ಟ್ರಾನ್ಸ್‌ಫಾರ್ಮರಿನಲ್ಲಿ ಇಳಿಸಿ, ಕಂಪ್ಯೂಟರಿಗೆ ಬೇಕಾದ 12, 5, 3.3 ವೋಲ್ಟು ಮಾಡಿಕೊಡುತ್ತದೆ. ಆ ದೊಡ್ಡ ಕೆಪಾಸಿಟರ್ ಇದೆಯಲ್ಲ, ಅದು ಮನೆಯ ಮೇಲಿನ ನೀರಿನ ಟಾಕಿ ಇದ್ದ ಹಾಗೆ. ನಳ ಒಂದು ಕ್ಷಣ ನಿಂತರೂ ಟಾಕಿಯಲ್ಲಿ ಇದ್ದಷ್ಟು ಹೊತ್ತು ಮನೆಯಲ್ಲಿ ನೀರು ಬರುತ್ತಲೇ ಇರುತ್ತದೆ. ಎಟಿಎಕ್ಸ್ ಗುಣಮಟ್ಟದ ಪ್ರಕಾರ ಕರೆಂಟು ಹೋದ ಮೇಲೂ ಪೂರ್ತಿ ಲೋಡಿನಲ್ಲಿ ಸುಮಾರು 16 ಮಿಲಿಸೆಕೆಂಡಾದರೂ ಅದು ತಡೆದುಕೊಳ್ಳಬೇಕು. ನಮ್ಮ ಮನೆಗಳಲ್ಲಿ ಇರೋ ಸಾಮಾನ್ಯ ಯುಪಿಎಸ್ ಬ್ಯಾಟರಿಗೆ ಬದಲಾಗೋದಕ್ಕೆ ಹತ್ತು ಮಿಲಿಸೆಕೆಂಡಿನ ಒಳಗೆ ತಗೊಳ್ಳುತ್ತದೆ. ಆ ಟಕ್ ಅನ್ನೋ ಸದ್ದು ಅದೇ. ಹದಿನಾರರಲ್ಲಿ ಹತ್ತು ಕಳೆದರೂ ಇನ್ನೂ ಆರು ಉಳಿಯುತ್ತದೆ, ಕಂಪ್ಯೂಟರಿಗೆ ಏನೂ ಗೊತ್ತಾಗೋದಿಲ್ಲ. ಗೊತ್ತಾಗಬಾರದು.

ಆದರೆ ಟಾಕಿ ಹಳೆಯದಾದರೆ? ಈ ಕೆಪಾಸಿಟರುಗಳ ಒಳಗೆ ಒಂದು ಥರದ ದ್ರವ ಇರುತ್ತದೆ, ಬಿಸಿಗೆ ನಿಧಾನವಾಗಿ ಆರುತ್ತಾ ಹೋಗುತ್ತದೆ. ಹತ್ತು ಡಿಗ್ರಿ ಬಿಸಿ ಏರಿದರೆ ಆಯಸ್ಸು ಅರ್ಧ ಅನ್ನೋದು ಎಲೆಕ್ಟ್ರಾನಿಕ್ಸ್ ಕೆಲಸದವರ ಅಂದಾಜಿನ ಲೆಕ್ಕ. ಬೇಸಿಗೆಯಲ್ಲಿ 42-43 ಡಿಗ್ರಿ ಮುಟ್ಟೋ ನಮ್ಮ ಸೀಮೆಯಲ್ಲಿ, ತಗಡಿನ ಡಬ್ಬಿಯ ಒಳಗೆ, ಧೂಳು ಹೊದ್ದುಕೊಂಡು ಹದಿನೈದು ಬೇಸಿಗೆ ಕಳೆದ ಕೆಪಾಸಿಟರಿನಲ್ಲಿ ಎಷ್ಟು ಜೀವ ಉಳಿದಿರುತ್ತದೆ ನೀವೇ ಹೇಳಿ. ಗಿರಣಿಯ ಮೋಟರು ಎದ್ದೇಳುವಾಗ ಓಡುವಾಗಿನದಕ್ಕಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಆ ಲೈನಿನಲ್ಲಿ ಇರೋ ಮನೆಗಳಿಗೆಲ್ಲ ಒಂದು ಕ್ಷಣ ವೋಲ್ಟೇಜ್ ಕುಸಿಯುತ್ತದೆ. ಯುಪಿಎಸ್ ಟಕ್ ಅಂತ ಬದಲಾಗುವಷ್ಟರಲ್ಲಿ ಅಪ್ಪನ ಎಸ್‌ಎಂಪಿಎಸ್ಸಿನ ಟಾಕಿ ಖಾಲಿ.

ಹಾಗಾದರೆ ಗಿರಣಿ ಮೊದಲೂ ಇತ್ತಲ್ಲ, ಹಳೇ ಪೆಂಟಿಯಂ ಹೇಗೆ ನಡೆಯುತ್ತಿತ್ತು ಅಂತ ನಾನೂ ಕೇಳಿಕೊಂಡೆ. ಅವ್ವ ಹೇಳಿದಳು, ಅದೂ ತಿಂಗಳಿಗೆ ಒಂದೆರಡು ಸಲ ಹಾಗೆ ಮಾಡುತ್ತಿತ್ತಂತೆ, ಹಳೇದಾಯಿತು ಅಂತ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಹೊಸ ಪ್ರಾಸೆಸರುಗಳ ಗುಣ ಬೇರೆ. ಸುಮ್ಮನಿದ್ದಾಗ ಹಕ್ಕಿಯಷ್ಟು ತಿನ್ನುತ್ತವೆ, ಒಂದು ಕೆಲಸ ಬಂದ ಕೂಡಲೇ ಕಣ್ಣು ಮಿಟುಕಿಸೋದರೊಳಗೆ ನಾಲ್ಕೈದು ಪಟ್ಟು ಕೇಳುತ್ತವೆ. ನಾನು ಹಾಕಿಸಿದ ಐ3ಗೆ ಕಂಪನಿಯೇ ಬರೆದಿರೋದು ಮಾಮೂಲಿಗೆ 60 ವಾಟ್, ಜೋರು ಹಿಡಿದಾಗ 89 ವಾಟ್. ಅಷ್ಟೂ 12 ವೋಲ್ಟಿನ ತಂತಿಯಿಂದಲೇ ಹೋಗಬೇಕು. ಹಳೇ ಕೆಪಾಸಿಟರುಗಳಿಗೆ ಇಂಥ ಕುಣಿತ ಅಭ್ಯಾಸವಿಲ್ಲ.

ಮತ್ತೆ ಆ 450 ವಾಟ್ ಸ್ಟಿಕ್ಕರು! ಅದರ ಕೆಳಗೆ ಸಣ್ಣಕ್ಷರದ ಟೇಬಲ್ಲಿನಲ್ಲಿ 12 ವೋಲ್ಟಿನ ಎದುರು 14 ಆಂಪಿಯರ್ ಅಂತಿತ್ತು. ಹನ್ನೆರಡು ಹದಿನಾಲ್ಕಲಿ ನೂರ ಅರವತ್ತೆಂಟು. ಈಗಿನ ಕಂಪ್ಯೂಟರು ಬಹುತೇಕ ಬಳಸೋದು ಈ ಸಾಲನ್ನೇ, ಅದರಲ್ಲಿ ಇರೋದು 168 ವಾಟ್, ಅದೂ ಹೊಸದಿದ್ದಾಗ. ಉಳಿದದ್ದೆಲ್ಲ 5 ಮತ್ತು 3.3 ವೋಲ್ಟಿನ ಲೆಕ್ಕದಲ್ಲಿ ಸೇರಿಸಿ ಉಬ್ಬಿಸಿದ್ದು. 2000ರ ದಶಕದ ಮೊದಲ ವರ್ಷಗಳವರೆಗೆ ಎಷ್ಟೋ ಬೋರ್ಡುಗಳಲ್ಲಿ ಪ್ರಾಸೆಸರಿಗೂ 5 ವೋಲ್ಟಿನಿಂದಲೇ ಪವರ್ ಹೋಗುತ್ತಿತ್ತು. ಪೆಂಟಿಯಂ 4 ಬಂದ ಮೇಲೆ ಭಾರವೆಲ್ಲ 12 ವೋಲ್ಟಿಗೆ ಸರಿಯಿತು. ಅಗ್ಗದ ಎಸ್‌ಎಂಪಿಎಸ್ ಮಾಡುವವರು ಮಾತ್ರ ಹಳೇ ಡಿಸೈನಿಗೇ ಹೊಸ ಸ್ಟಿಕ್ಕರ್ ಅಂಟಿಸುತ್ತಾ ಬಹಳ ವರ್ಷ ಕಳೆದರು. ಸ್ಟಿಕ್ಕರಿನ ದೊಡ್ಡಕ್ಷರ ಬಿಟ್ಟು 12 ವೋಲ್ಟಿನ ಸಾಲು ಓದಿ ಅಂತ ನನಗೆ ಯಾರಾದರೂ 2010ರಲ್ಲೇ ಹೇಳಬೇಕಿತ್ತು. ಅಂಗಡಿ ಹುಡುಗ 2025ರಲ್ಲಿ ಹೇಳಿದ, ನಾನು ಕೇಳಲಿಲ್ಲ.

ರಾತ್ರಿ ಊಟ ಆದ ಮೇಲೆ ಪಕ್ಕದ ಓಣಿಯ ಎಲೆಕ್ಟ್ರಿಶಿಯನ್ ಕಾಕಾನ ಹತ್ತಿರ ಮಲ್ಟಿಮೀಟರ್ ತಂದು ನೋಡಿದೆ. ಡಿವಿಡಿ ಡ್ರೈವಿಗೆ ಹೋಗೋ ಪ್ಲಗ್ಗಿನಲ್ಲಿ ಹಳದಿ ತಂತಿ 12 ವೋಲ್ಟು, ಕೆಂಪು 5, ಕಪ್ಪು ಎರಡಕ್ಕೂ ವಾಪಸ್ ದಾರಿ. ಹಳದಿಯಲ್ಲಿ ಐದು ಶೇಕಡಾ ಹೆಚ್ಚುಕಮ್ಮಿ ನಡೆಯುತ್ತದೆ, ಅಂದರೆ 11.4ರಿಂದ 12.6ರವರೆಗೆ. ಸುಮ್ಮನಿದ್ದಾಗ 11.6 ತೋರಿಸಿತು. ಒಂದು ದೊಡ್ಡ ಫೈಲ್ ಜಿಪ್ ಮಾಡೋಕೆ ಹಚ್ಚಿದೆ, 11.2ಕ್ಕೆ ಇಳಿಯಿತು. ಗಿರಣಿ ಬಂದಾಗಿದ್ದರೂ ಇದು ಬಹಳ ದಿನ ಬಾಳುವ ಮಶೀನಾಗಿರಲಿಲ್ಲ. ಟಾರ್ಚ್ ಹಿಡಿದು ಹಿಂದಿನ ಜಾಲರಿಯಿಂದ ಒಳಗೆ ನೋಡಿದರೆ ಎರಡು ಮೂರು ಕೆಪಾಸಿಟರುಗಳ ತಲೆ ಪೂರಿಯಂತೆ ಉಬ್ಬಿದ್ದವು. ಜಾಲರಿಯಿಂದ ಮಾತ್ರ ನೋಡಿ. ಉತ್ಸಾಹದಲ್ಲಿ ಡಬ್ಬಿ ಬಿಚ್ಚೋಕೆ ಹೋಗಬೇಡಿ. ಪ್ಲಗ್ ತೆಗೆದ ಮೇಲೂ ಆ ದೊಡ್ಡ ಕೆಪಾಸಿಟರಿನಲ್ಲಿ ಮುನ್ನೂರು ವೋಲ್ಟಿನ ಚಾರ್ಜು ಉಳಿದಿರಬಹುದು, ಅದು ಆಟದ ಸಾಮಾನಲ್ಲ.

(ಎಸ್‌ಎಂಪಿಎಸ್ ಅಂದಾಗ ಕಾಲೇಜಿನ ಒಂದು ನೆನಪು. ಹಿಂದೆ ಒಂದು ಕೆಂಪು ಸ್ವಿಚ್ ಇರುತ್ತಿತ್ತು, 115 ಅಥವಾ 230 ಅಂತ. ಲ್ಯಾಬಿನಲ್ಲಿ ನಮ್ಮ ಗೆಳೆಯನೊಬ್ಬ, ಕಮ್ಮಿ ಇಟ್ಟರೆ ಕರೆಂಟ್ ಉಳಿಯುತ್ತದೆ ಅಂತ ಅದನ್ನು 115ಕ್ಕೆ ಸರಿಸಿ ಚಾಲೂ ಮಾಡಿದ. ಢಂ! ಆ ವಾಸನೆ ಇನ್ನೂ ಮೂಗಿನಲ್ಲಿದೆ. ಅವನು ಈಗ ಒಳ್ಳೆಯ ಹುದ್ದೆಯಲ್ಲಿದ್ದಾನೆ, ಹೆಸರು ಹೇಳೋದಿಲ್ಲ :) )

* * *

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಕಲಬುರಗಿಗೆ ಹೊರಟೆ. ಹಬ್ಬದ ಹಿಂದಿನ ದಿನ ಎಲ್ಲಿಗೆ ಹೊಂಟಿ ಅಂತ ಅವ್ವ ಬೈದಳು. ಅಂಗಡಿ ತೆರೆಯೋ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕೂತಿದ್ದೆ. ಅದೇ ಹುಡುಗ ಬಂದು ಶಟರ್ ಎತ್ತಿದ. ನನ್ನ ಮುಖ ನೋಡಿದ ಕೂಡಲೇ ಗೊತ್ತಾಗಿರಬೇಕು, "ಎಸ್‌ಎಂಪಿಎಸ್ ಏನ್ರೀ ಸರ್?" ಅಂದ. ನಗಲಿಲ್ಲ ಪುಣ್ಯಾತ್ಮ. ನಾನಾಗಿದ್ದರೆ ನಕ್ಕುಬಿಡುತ್ತಿದ್ದೆ.

450 ವಾಟಿನದೇ ತಗೊಂಡೆ, ಆದರೆ ಈ ಸಲ ಟೇಬಲ್ ಓದಿ. 12 ವೋಲ್ಟಿನ ಸಾಲಿನಲ್ಲೇ ನಾನೂರು ವಾಟಿಗಿಂತ ಹೆಚ್ಚಿತ್ತು. 80 ಪ್ಲಸ್ ಬ್ರಾಂಜ್ ಗುರುತಿನದು, ಅಂದರೆ ಗೋಡೆಯಿಂದ ಎಳೆದದ್ದರಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚು ಕಂಪ್ಯೂಟರಿಗೆ ಸೇರುತ್ತದೆ, ಬಿಸಿಯಾಗಿ ಪೋಲಾಗೋದು ಕಮ್ಮಿ. ಕೈಯಲ್ಲಿ ಹಿಡಿದರೆ ತೂಕವೇ ಬೇರೆ, ಹಳೆಯದು ಖಾಲಿ ಡಬ್ಬಿಯ ಹಾಗಿತ್ತು. ಒಂದು ಅನುಮಾನ ಇತ್ತು. ಆ್ಯಕ್ಟಿವ್ ಪಿಎಫ್‌ಸಿ ಇರೋ ಕೆಲವು ಎಸ್‌ಎಂಪಿಎಸ್‌ಗಳಿಗೆ ಅಗ್ಗದ ಯುಪಿಎಸ್ಸಿನ ಒರಟು ಕರೆಂಟು ಆಗಿಬರೋದಿಲ್ಲ ಅಂತ ಓದಿದ್ದೆ. ಹುಡುಗ "ಆಗ್ಲಿಲ್ಲಂದ್ರ ವಾಪಸ್ ತರ್ರಿ" ಅಂದ. ನಮ್ಮ ಮನೆಯಲ್ಲಿ ತೊಂದರೆ ಬರಲಿಲ್ಲ.

ಮಧ್ಯಾಹ್ನ ವಾಪಸ್ ಬಂದು ಬದಲಾಯಿಸಿದೆ. ನಾಲ್ಕು ಸ್ಕ್ರೂ, ಐದಾರು ಪ್ಲಗ್ಗು, ಅರ್ಧ ತಾಸಿನ ಕೆಲಸ. ಇಷ್ಟು ಸಣ್ಣ ಕೆಲಸ. ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ಒಂದೊಂದು ಸ್ಕ್ರೂವನ್ನೂ ಬಟ್ಟಲಲ್ಲಿ ಹಾಕಿಕೊಳ್ಳುತ್ತಿದ್ದರು. ಆಗಲೇ ಹೇಳಿದೆ. ಅಂಗಡಿಯವ ಮೊದಲೇ ಹೇಳಿದ್ದ ಅಪ್ಪಾ, ನಾನೇ ದುಡ್ಡು ಉಳಿಸ್ಲಾಕ ಹಳೇದು ಇಡಿಸಿದ್ದೆ, ನಿಮ್ಮದೇನೂ ತಪ್ಪಿಲ್ಲ ಅಂತ. ಹೇಳುವಾಗ ತಲೆ ಕ್ಯಾಬಿನೆಟ್ಟಿನ ಒಳಗೇ ಇಟ್ಟುಕೊಂಡಿದ್ದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಎರಡೂ ಕೈ ಮುಂದೆ ಚಾಚಿ, ಅಂಗೈ ಕೆಳಗೆ ಮಾಡಿ ನೋಡಿಕೊಂಡರು.

"ಹಂಗಾದ್ರ ಕೈ ನಡಗ್ತಿಲ್ಲಂತೀ?"

"ಇಲ್ಲ ಅಪ್ಪಾ."

"ನಿಮ್ಮವ್ವಗ ಹೇಳು. ಡಾಕ್ಟರ್ ಬಲ್ಲಿ ತೋರ್ಸು ಅಂತ ಕಾಡ್ಲಾಕತ್ತಿದ್ಲು."

ಗಿರಣಿಯ ಮೋಟರಿನಿಂದ ವೋಲ್ಟೇಜ್ ಬೀಳೋದನ್ನೂ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಜೋರಾಗಿ ನಕ್ಕುಬಿಟ್ಟರು. "ಗಿರಣಿ ಬಂದ ಮ್ಯಾಲ ಬೀಸೋಕಲ್ಲಾ ಹ್ವಾದವು, ಹಾಡಾ ಹ್ವಾದವು. ಈಗ ಬರ್ದಿಟ್ಟದ್ದನ್ನೂ ಒಯ್ಲಾಕ ಬಂದಿತ್ತಲ್ಲೋ ಅದು!" ಅಂದರು. ನನಗೆ ನಗು ಬರಲಿಲ್ಲ. ಹೋದ ಆರು ಪದಗಳಲ್ಲಿ ನಾಲ್ಕು ನೋಟ್‌ಬುಕ್ಕಿನಲ್ಲಿ ಇದ್ದವು. ಎರಡು ನೇರ ಟೈಪ್ ಮಾಡಿದ್ದವು. ಅದರಲ್ಲಿ ಒಂದು ಆಮೇಲೆ ಅಪ್ಪನಿಗೆ ನೆನಪಾಯಿತು. ಇನ್ನೊಂದರ ಮೊದಲ ಸಾಲು ಮಾತ್ರ ಬರುತ್ತದಂತೆ, ಮುಂದೆ ಬರೋದಿಲ್ಲ.

ಪ್ರತಿ ಎರಡು ನಿಮಿಷಕ್ಕೊಮ್ಮೆ ತಾನಾಗಿಯೇ ಸೇವ್ ಆಗೋ ಹಾಗೆ ಮಾಡಿಕೊಟ್ಟೆ. ಒಂದು ಪೆನ್‌ಡ್ರೈವಿನಲ್ಲಿ ನಕಲೂ ಇಟ್ಟೆ. ಬೆಂಕಿಪೊಟ್ಟಣದ ಕೀಲಿ ವಾಪಸ್ ಹಾಕಲೇ ಅಂದರೆ ಬೇಡ ಅಂದರು, ಇರಲಿ ಅಂತ.

ಸಂಜೆ ಐದಕ್ಕೆ ಅಪ್ಪ ಟೈಪ್ ಮಾಡೋಕೆ ಕೂತರು. ನಾನು ಹಿಂದೆ ಮಂಚದ ಮೇಲೆ ಸುಮ್ಮನೆ ಪೇಪರ್ ಹಿಡಿದಿದ್ದೆ, ಓದುತ್ತಿರಲಿಲ್ಲ. ಅವತ್ತು ಗಿರಣಿ ಮುಂದೆ ಪಾಳಿ ಇನ್ನೂ ಉದ್ದ ಇತ್ತು. ಮೋಟರು ಗುಂಯ್ ಅಂದಿತು. ಟ್ಯೂಬ್‌ಲೈಟು ಮಿಟುಕಿತು, ಯುಪಿಎಸ್ ಟಕ್ ಅಂದಿತು. ಅಪ್ಪ ಸುಟ್ಟವರ ಹಾಗೆ ಎರಡೂ ಕೈ ಕೀಬೋರ್ಡಿನಿಂದ ಮೇಲೆ ಎತ್ತಿಬಿಟ್ಟರು. ಸ್ಕ್ರೀನು ಹಾಗೇ ಇತ್ತು. ಅರ್ಧ ಬರೆದ ಸಾಲು, ಅದರ ಮುಂದೆ ಮಿನುಗುವ ಕರ್ಸರು.

ಅಪ್ಪ ಗೋಡೆ ಗಡಿಯಾರ ನೋಡಿದರು. ನೋಟ್‌ಬುಕ್ಕು ಎಳೆದುಕೊಂಡು, ಪೆನ್ನಿನ ಕ್ಯಾಪು ತೆಗೆದು, ತಾರೀಖು ಹಾಕಿ, ವೇಳೆ 5.20 ಅಂತ ಬರೆದರು. ಷರಾ ಕಾಲಂನಲ್ಲಿ "ಬಂದ್ ಆಗಿಲ್ಲ" ಅಂತ ಬರೆದು, ಕೆಳಗೆ ಒಂದು ಗೆರೆ ಎಳೆದು, ಶಾಲೆಯಲ್ಲಿ ಮಾಡುತ್ತಿದ್ದ ಹಾಗೇ ಸಣ್ಣದಾಗಿ ಸಹಿ ಮಾಡಿದರು.